‘ಫ್ರೈಟ್ ಟ್ರೇನ್’ ಬರೆದಾಕೆಗೆ ಒಂದು ಹೆಸರಿದೆ

ಪ್ರಶ್ನೆ: ಒಂದು ವರ್ಷದಿಂದ ಗಿಟಾರ್ ಕಲಿಯುತ್ತಿದ್ದೇನೆ. ಬೆರಳಲ್ಲಿ ಮೀಟುವುದನ್ನು ಕಲಿಸಲು ನಮ್ಮ ಮೇಷ್ಟ್ರು ಮೊದಲು ಕೊಟ್ಟ ಪಾಠ ‘ಫ್ರೈಟ್ ಟ್ರೇನ್’. ಯಾರು ಬರೆದದ್ದು ಸರ್ ಅಂತ ಕೇಳಿದರೆ “ಅದು ಅಮೆರಿಕದ ಜಾನಪದ, ಯಾರದ್ದೂ ಅಲ್ಲ” ಅಂದರು. ಕಾಲೇಜಿನ ಕಾರ್ಯಕ್ರಮದಲ್ಲಿ ಅದನ್ನೇ ನುಡಿಸುವವಳಿದ್ದೇನೆ. ಪಟ್ಟಿಯಲ್ಲಿ ಕರ್ತೃವಿನ ಜಾಗದಲ್ಲಿ ಏನು ಬರೆಯಲಿ? ಇನ್ನೊಂದು, ಫೋಕ್ ಮತ್ತು ಕಂಟ್ರಿ ಸಂಗೀತದಲ್ಲಿ ನನಗೆ ಗೊತ್ತಿರುವ ಹೆಂಗಸರು ಜೋನ್ ಬಾಯೆಜ್, ಡಾಲಿ ಪಾರ್ಟನ್ ಇಬ್ಬರೇ. ಸಿಗಬೇಕಾದ ಹೆಸರು ಸಿಗದೆ ಹೋದವರು ಬೇರೆ ಯಾರಿದ್ದಾರೆ? ಯಾರಿಂದ ಶುರು ಮಾಡಲಿ?

ಉತ್ತರ: ಎಲಿಜಬೆತ್ ಕಾಟನ್ ಎಂದು ಬರೆಯಿರಿ. ಮೊದಲ ಪ್ರಶ್ನೆಗೆ ಅಷ್ಟು ಸಾಕು.

ಮೇಷ್ಟ್ರ ಮೇಲೆ ಬೇಸರ ಮಾಡಿಕೊಳ್ಳಬೇಡಿ. ಈ ತಪ್ಪು ಅರುವತ್ತು ಎಪ್ಪತ್ತು ವರ್ಷದಿಂದ ನಡೆದುಬಂದದ್ದು, ತಿಳಿದವರೂ ಮಾಡಿದ್ದು. ನಮ್ಮ ಭಾಷೆಯೂ ಇದಕ್ಕೆ ಸ್ವಲ್ಪ ಒತ್ತಾಸೆ ಕೊಡುತ್ತದೆ. ‘ಫೋಕ್’ ಎಂಬುದನ್ನು ‘ಜಾನಪದ’ ಅಂದ ಕೂಡಲೇ, ಬಾಯಿಂದ ಬಾಯಿಗೆ ಬಂದದ್ದು, ಕರ್ತೃ ಇಲ್ಲದ್ದು ಎಂಬ ಅರ್ಥ ತಾನಾಗಿ ಅಂಟಿಕೊಳ್ಳುತ್ತದೆ. ಅಮೆರಿಕದಲ್ಲಿ ಆ ಪದದ ಹರವು ಬೇರೆ. ಸ್ಕಾಟ್ಲೆಂಡಿನಿಂದ ವಲಸೆಗಾರರ ಜೊತೆ ಹಡಗು ಹತ್ತಿ ಬಂದ ಹಳೆಯ ಲಾವಣಿಯೂ ಅಲ್ಲಿ ಫೋಕ್, ಮೊನ್ನೆ ಯಾರೋ ಒಬ್ಬಾಕೆ ಪಾತ್ರೆ ತೊಳೆಯುತ್ತ ಕಟ್ಟಿದ ಹಾಡೂ ಫೋಕ್. ಎರಡನ್ನೂ ಒಂದೇ ಬುಟ್ಟಿಗೆ ಹಾಕಿ ಕುಲುಕಿದರೆ ಮೊದಲು ಉದುರುವುದು ಪಾತ್ರೆ ತೊಳೆಯುತ್ತಿದ್ದವಳ ಹೆಸರು. ನಾನು ಇಲ್ಲಿ ಹೇಳಹೊರಟಿರುವ ಹೆಂಗಸರಲ್ಲಿ ಹೆಚ್ಚಿನವರನ್ನು ಜನ ಕೇಳಲಿಲ್ಲ ಎಂದಲ್ಲ. ಚೆನ್ನಾಗಿಯೇ ಕೇಳಿದರು, ಹಾಡಿಕೊಂಡರು, ದುಡ್ಡೂ ಮಾಡಿಕೊಂಡರು. ಯಾರ ಹಾಡು ಎಂದು ಕೇಳಲಿಲ್ಲ, ಅಷ್ಟೆ.

ಕಾಟನ್ ಹುಟ್ಟಿದ್ದು 1893ರಲ್ಲಿ, ನಾರ್ತ್ ಕೆರೊಲಿನಾದ ಚಾಪೆಲ್ ಹಿಲ್ ಪಕ್ಕದಲ್ಲಿ, ಕಪ್ಪು ಜನಾಂಗದ ಬಡ ಕುಟುಂಬದಲ್ಲಿ. ಮನೆಯ ಹತ್ತಿರವೇ ರೈಲು ಹಳಿ. ಅಣ್ಣ ಹೊರಗೆ ಹೋದಾಗ ಅವನ ಬ್ಯಾಂಜೊ ಕದ್ದು ನುಡಿಸುತ್ತಿದ್ದ ಹುಡುಗಿ ಆಕೆ. ಅಣ್ಣ ಮನೆ ಬಿಟ್ಟು ಹೋದ, ವಾದ್ಯವೂ ಅವನೊಂದಿಗೆ ಹೋಯಿತು. ಆಗ ಮನೆಗೆಲಸಕ್ಕೆ ಸೇರಿ, ತಿಂಗಳಿಗೆ ಒಂದು ಡಾಲರ್ ಆಸುಪಾಸಿನ ಸಂಬಳ ಕೂಡಿಟ್ಟು, 3 ಡಾಲರ್ 75 ಸೆಂಟಿಗೆ ಸ್ವಂತ ಗಿಟಾರ್ ಕೊಂಡಳು. ‘ಫ್ರೈಟ್ ಟ್ರೇನ್’ ಕಟ್ಟಿದ್ದು ಆ ದಿನಗಳಲ್ಲೇ, ಹನ್ನೊಂದು ಹನ್ನೆರಡರ ವಯಸ್ಸಿನಲ್ಲಿ ಎಂದು ಅವರೇ ಮುಂದೆ ಹೇಳಿದ್ದಾರೆ. ನೀವು ಪದಗಳನ್ನು ಗಮನಿಸಿದ್ದೀರೋ ಇಲ್ಲವೋ. ಸತ್ತ ಮೇಲೆ ರೈಲಿನ ಸದ್ದು ಕೇಳಿಸುವ ಕಡೆ ನನ್ನನ್ನು ಹೂಳಿ ಎಂದು ಕೇಳುವ ಹಾಡು ಅದು. ಹನ್ನೆರಡು ವರ್ಷದ ಹುಡುಗಿ!

ಗಿಟಾರ್ ಕಲಿಯುವವರಿಗೆ ಮುಖ್ಯವಾದ ಸಂಗತಿ ಈಗ ಬಂತು. ಕಾಟನ್ ಎಡಗೈ ರೂಢಿಯವರು, ವಾದ್ಯ ಬಲಗೈಯವರದ್ದು. ತಂತಿ ಬದಲಿಸುವ ಗೋಜಿಗೆ ಹೋಗದೆ ಗಿಟಾರನ್ನೇ ತಲೆಕೆಳಗಾಗಿ ಹಿಡಿದರು. ಹಾಗಾಗಿ ದಪ್ಪ ತಂತಿಗಳು ಕೆಳಗೆ, ಸಣ್ಣವು ಮೇಲೆ. ನೀವು ಹೆಬ್ಬೆರಳಲ್ಲಿ ಮಂದ್ರದ ತಂತಿ ಮೀಟಿ ಉಳಿದ ಬೆರಳುಗಳಲ್ಲಿ ರಾಗ ನುಡಿಸುತ್ತೀರಿ. ಅವರದ್ದು ಪೂರ್ತಿ ಉಲ್ಟಾ, ಬೆರಳಿಗೆ ಮಂದ್ರ, ಹೆಬ್ಬೆರಳಿಗೆ ರಾಗ. ಯಾರೂ ಕಲಿಸಿದ್ದಲ್ಲ. ಇಂದು ಆ ಶೈಲಿಯನ್ನು ‘ಕಾಟನ್ ಪಿಕಿಂಗ್’ ಎಂದೇ ಕರೆಯುತ್ತಾರೆ. ನಿಮ್ಮ ಪಾಠದ ಪುಸ್ತಕದಲ್ಲಿರುವುದು ಅದನ್ನು ಬಲಗೈಗೆ ಒಗ್ಗಿಸಿ ಬರೆದ ರೂಪ.

ಹದಿಹರೆಯದಲ್ಲಿ ಮದುವೆ, ಮಗು. ಇಂಥ ಲೌಕಿಕ ಹಾಡು ಬಿಡು ಎಂದು ಚರ್ಚಿನವರು ಹೇಳಿದರು, ಬಿಟ್ಟರು. ಮುಂದೆ ಹಲವು ದಶಕ ಗಿಟಾರ್ ಹೆಚ್ಚುಕಡಿಮೆ ಇಲ್ಲ. 1940ರ ದಶಕದಲ್ಲಿ ವಾಷಿಂಗ್ಟನ್ನಿನ ಒಂದು ದೊಡ್ಡ ಅಂಗಡಿಯಲ್ಲಿ ಗೊಂಬೆ ಮಾರುವ ಕೆಲಸದಲ್ಲಿದ್ದಾಗ, ತಾಯಿಯ ಕೈತಪ್ಪಿಸಿಕೊಂಡ ಪುಟ್ಟ ಹುಡುಗಿಯೊಬ್ಬಳನ್ನು ಹುಡುಕಿ ತಂದು ಒಪ್ಪಿಸಿದರು. ಆ ಹುಡುಗಿ ಪೆಗ್ಗಿ ಸೀಗರ್, ತಾಯಿ ಸಂಗೀತ ಸಂಯೋಜಕಿ ರೂತ್ ಕ್ರಾಫರ್ಡ್ ಸೀಗರ್. ಪರಿಚಯ ಬೆಳೆದು ಕಾಟನ್ ಆ ಮನೆಯ ಕೆಲಸಕ್ಕೆ ಸೇರಿದರು. ಅಮೆರಿಕದ ಹಳ್ಳಿ ಹಾಡುಗಳನ್ನು ಸಂಗ್ರಹಿಸಿ ಬರೆದಿಡುವ ಮನೆ ಅದು. ಅಲ್ಲೇ ಇಸ್ತ್ರಿ ಮಾಡುತ್ತ, ಅಡುಗೆ ಮಾಡುತ್ತ ಇದ್ದ ಹೆಂಗಸು ಒಂದು ದಿನ ಗೋಡೆಯ ಮೇಲಿನ ಗಿಟಾರ್ ಇಳಿಸಿಕೊಂಡು ನುಡಿಸುತ್ತಿದ್ದುದನ್ನು ಮಕ್ಕಳು ಕಂಡರು. ಹಾಡು ಹುಡುಕಿಕೊಂಡು ಊರೂರು ತಿರುಗುವವರ ಅಡುಗೆಮನೆಯಲ್ಲೇ ಹಾಡು ಕೂತಿತ್ತು.

ಪೆಗ್ಗಿ ದೊಡ್ಡವಳಾಗಿ 1950ರ ದಶಕದ ನಡುವಿನಲ್ಲಿ ಇಂಗ್ಲೆಂಡಿಗೆ ಹೋದಾಗ ಈ ಹಾಡನ್ನು ಅಲ್ಲಿ ಹಾಡಿದಳು. ಆಗ ಅಲ್ಲಿ ಸ್ಕಿಫಲ್ ಹುಚ್ಚು. ಅಗ್ಗದ ಗಿಟಾರ್, ಬಟ್ಟೆ ಉಜ್ಜುವ ತಗಡು, ಪೆಟ್ಟಿಗೆಗೆ ಕೋಲು ನಿಲ್ಲಿಸಿ ದಾರ ಬಿಗಿದ ‘ಬಾಸ್’ ಇಷ್ಟಿದ್ದರೆ ಒಂದು ತಂಡ. ಇಬ್ಬರು ಇಂಗ್ಲಿಷರು ಹಾಡನ್ನು ತಮ್ಮ ಹೆಸರಿಗೆ ನೋಂದಾಯಿಸಿಕೊಂಡರು. 1957ರಲ್ಲಿ ಚಾಸ್ ಮೆಕ್‌ಡೆವಿಟ್ ತಂಡ, ನ್ಯಾನ್ಸಿ ವಿಸ್ಕಿ ಎಂಬ ಗಾಯಕಿಯ ದನಿಯಲ್ಲಿ, ಅದನ್ನು ಬ್ರಿಟನ್ನಿನ ಮೊದಲ ಐದು ಹಾಡುಗಳಲ್ಲಿ ಒಂದಾಗಿಸಿತು. ಹಾಡು ಕಟ್ಟಿದಾಕೆ ಆಗ ವಾಷಿಂಗ್ಟನ್ನಿನಲ್ಲಿ ಇನ್ನೂ ಮನೆಗೆಲಸದಲ್ಲಿದ್ದರು. ಸೀಗರ್ ಮನೆಯವರು ಪಟ್ಟು ಹಿಡಿದ ಮೇಲೆ ಕಾಟನ್ ಹೆಸರೂ ದಾಖಲೆಗೆ ಸೇರಿತು. ಈ ‘ಹೆಸರೂ’ ಎಂಬಲ್ಲಿನ ಊಕಾರ ನನಗೆ ಇವತ್ತಿಗೂ ಚುಚ್ಚುತ್ತದೆ.

ಪೆಗ್ಗಿಯ ಅಣ್ಣ ಮೈಕ್ ಸೀಗರ್, ಕಾಟನ್ನರ ಮನೆಗೇ ಟೇಪ್ ಯಂತ್ರ ಒಯ್ದು ಧ್ವನಿಮುದ್ರಿಸಿದ್ದು 1958ರಲ್ಲಿ ಫೋಕ್‌ವೇಸ್ ಕಂಪನಿಯ ಗ್ರಾಮಫೋನ್ ತಟ್ಟೆಯಾಗಿ ಬಂತು. ಅರುವತ್ತು ದಾಟಿದ ಮೇಲೆ ಮೊದಲ ತಟ್ಟೆ. ಗ್ರ್ಯಾಮಿ ಬಂದಾಗ ತೊಂಬತ್ತು ದಾಟಿತ್ತು. 1987ರಲ್ಲಿ ತೀರಿಕೊಂಡರು. 2022ರಲ್ಲಿ ರಾಕ್ ಆ್ಯಂಡ್ ರೋಲ್ ಹಾಲ್ ಆಫ್ ಫೇಮ್‌ನವರೂ ನೆನಪಿಸಿಕೊಂಡರು.

ಎರಡನೆಯವರು ಜೀನ್ ರಿಚಿ. ಕೆಂಟಕಿಯ ಗುಡ್ಡಗಾಡಿನ ವೈಪರ್ ಎಂಬ ಹಳ್ಳಿ, 1922ರಲ್ಲಿ ಜನನ, ಹದಿನಾಲ್ಕು ಮಕ್ಕಳಲ್ಲಿ ಕೊನೆಯವರು. ಇಂಗ್ಲೆಂಡಿನ ಸಂಗ್ರಾಹಕ ಸೆಸಿಲ್ ಶಾರ್ಪ್ 1917ರಲ್ಲಿ ಆ ಸೀಮೆಗೆ ಬಂದಾಗ ರಿಚಿಯ ಅಕ್ಕಂದಿರಿಂದಲೇ ಹಾಡು ಬರೆದುಕೊಂಡು ಹೋಗಿದ್ದರು. ಅಂಥ ಮನೆತನ. ಇವರು ಓದಿ, ನ್ಯೂಯಾರ್ಕಿಗೆ ಸಮಾಜಸೇವೆಯ ಕೆಲಸಕ್ಕೆ ಹೋದರು, ಜೊತೆಗೆ ಡಲ್ಸಿಮರ್ ಒಯ್ದರು. ತೊಡೆಯ ಮೇಲಿಟ್ಟು ಹಕ್ಕಿಯ ಗರಿಯಿಂದ ಮೀಟುವ ಉದ್ದನೆಯ ವಾದ್ಯ ಅದು. ಒಂದು ತಂತಿಯಲ್ಲಿ ರಾಗ, ಉಳಿದವು ತಂಬೂರಿಯಂತೆ ಒಂದೇ ಶ್ರುತಿ ಹಿಡಿದು ಗುಂಯ್‌ಗುಡುತ್ತವೆ. ಹಾಗಾಗಿ ರಿಚಿಯನ್ನು ಕೇಳುವಾಗ ನಮ್ಮ ಕಿವಿಗೆ ಅಷ್ಟು ಪರಕೀಯ ಅನ್ನಿಸುವುದಿಲ್ಲ. ನನಗಂತೂ ಅನ್ನಿಸಲಿಲ್ಲ. 1952ರಲ್ಲಿ ಫುಲ್‌ಬ್ರೈಟ್ ವೇತನ ಪಡೆದು, ತಮ್ಮ ಮನೆಯ ಹಾಡುಗಳ ಮೂಲ ಹುಡುಕಿಕೊಂಡು ಬ್ರಿಟನ್, ಐರ್ಲೆಂಡ್ ತಿರುಗಿ ಬಂದರು. ಶಾರ್ಪ್ ಬಂದ ದಾರಿಯಲ್ಲೇ ವಾಪಸು ಹೋದ ಹಾಗೆ.

ಇಷ್ಟಾದರೂ ಸ್ವಂತ ಹಾಡು ಬರೆದಾಗ ಏನು ಮಾಡಿದರು ಗೊತ್ತೆ? ಕಲ್ಲಿದ್ದಲ ಗಣಿಗಳು ಮುಚ್ಚಿ ಊರು ಬರಿದಾದುದರ ಬಗ್ಗೆ, ನಮ್ಮೂರಿಗೆ ಇನ್ನು ರೈಲು ನಿಲ್ಲುವುದಿಲ್ಲ ಎಂಬ ಹಾಡು ಕಟ್ಟಿ, ಅದರ ಮೇಲೆ ‘ಥಾನ್ ಹಾಲ್’ ಎಂಬ ಗಂಡಸಿನ ಹೆಸರು ಹಾಕಿದರು. ಅದು ತಾಯಿಯ ತಂದೆಯ ಹೆಸರಿನಿಂದ ಮಾಡಿಕೊಂಡದ್ದು. ರಾಜಕೀಯದ ಹಾಡು ಎಂದು ವಯಸ್ಸಾದ ತಾಯಿಗೆ ಕಿರಿಕಿರಿಯಾಗಬಾರದು ಎಂಬುದು ಒಂದು ಕಾರಣ. ಗಂಡಸು ಬರೆದದ್ದು ಅಂದರೆ ಜನ ಹೆಚ್ಚು ಕಿವಿಗೊಡುತ್ತಾರೆ ಎಂಬುದು ಇನ್ನೊಂದು. ಎರಡನೆಯ ಲೆಕ್ಕಾಚಾರ ತಪ್ಪಿರಲಿಲ್ಲ ಎಂಬುದೇ ಬೇಸರದ ಸಂಗತಿ. ಜಾನಿ ಕ್ಯಾಶ್ 1979ರಲ್ಲಿ ಆ ಹಾಡು ಹಾಡಿದರು, ಅದು ಊರೆಲ್ಲ ಹಬ್ಬಿತು. ಬಾಬ್ ಡಿಲನ್‌ರ ‘ಮಾಸ್ಟರ್ಸ್ ಆಫ್ ವಾರ್’ ಹಾಡಿನ ಧಾಟಿ ಇದೆಯಲ್ಲ, ಅದು ರಿಚಿ ಮನೆಯವರು ಹಾಡಿಕೊಂಡು ಬಂದಿದ್ದ ‘ನೊಟಮನ್ ಟೌನ್’ ಧಾಟಿ. ಒಂದಾದ ಮೇಲೊಂದು ಕೇಳಿ, ಯಾರೂ ವಿವರಿಸಬೇಕಾಗಿಲ್ಲ.

ಅಮೆರಿಕದ ದಕ್ಷಿಣದ ಹಳ್ಳಿಗಾಡಿನಲ್ಲಿ ಹುಟ್ಟಿದ ಕಂಟ್ರಿ ಸಂಗೀತದ ಕಡೆ ಬಂದರೆ ಕಾರ್ಟರ್ ಕುಟುಂಬವನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಅವರು ಅಪರಿಚಿತರಲ್ಲವಲ್ಲ ಎನ್ನಬಹುದು. ಹೌದು, ಕುಟುಂಬ ಪ್ರಸಿದ್ಧ. ಆದರೆ ಹಾಡುಗಳ ಕೆಳಗೆ ಸಾಲಾಗಿ ಇರುವ ಹೆಸರು ಎ. ಪಿ. ಕಾರ್ಟರ್, ಯಜಮಾನರು. ಅವರು ಗುಡ್ಡಗಾಡು ತಿರುಗಿ ಹಾಡು ಕೂಡಿಹಾಕಿದ್ದು ನಿಜ, ಆ ತಿರುಗಾಟದಲ್ಲಿ ಜೊತೆಗಿದ್ದು ಧಾಟಿ ನೆನಪಿಟ್ಟುಕೊಂಡು ಬರುತ್ತಿದ್ದ ಲೆಸ್ಲಿ ರಿಡಲ್ ಎಂಬ ಕಪ್ಪು ಗಿಟಾರ್ ವಾದಕನ ಹೆಸರೂ ತಟ್ಟೆಯ ಮೇಲೆ ಬರಲಿಲ್ಲ. ತಟ್ಟೆ ಹಾಕಿ ಕೇಳಿದರೆ ಕಿವಿಗೆ ಬೀಳುವುದು ಎ. ಪಿ.ಯ ಹೆಂಡತಿ ಸಾರಾಳ ದನಿ ಮತ್ತು ಅವರ ತಮ್ಮನ ಹೆಂಡತಿ ಮೇಬೆಲ್‌ಳ ಗಿಟಾರ್. 1927ರ ಆಗಸ್ಟ್ 1ರಂದು ಟೆನೆಸಿ-ವರ್ಜೀನಿಯಾ ಗಡಿಯ ಬ್ರಿಸ್ಟಲ್ ಪಟ್ಟಣದಲ್ಲಿ ರಾಲ್ಫ್ ಪೀರ್ ಎಂಬಾತ ನಡೆಸುತ್ತಿದ್ದ ಧ್ವನಿಮುದ್ರಣಕ್ಕೆ ಅವರು ಹೋದಾಗ ಮೇಬೆಲ್‌ಗೆ ಹದಿನೆಂಟು ವರ್ಷ, ತುಂಬು ಬಸುರಿ. ಸಾರಾಳ ಕಂಕುಳಲ್ಲಿ ಹಾಲುಗೂಸು. ಮರುದಿನ ಸಾರಾ ಒಲ್ಲದ ಮನಸ್ಸಿನಿಂದ ಹಾಡಿದ, ಒಂಟಿ ಹುಡುಗಿಯ ಸ್ವಾತಂತ್ರ್ಯ ಮತ್ತು ಮದುವೆಯಾದವಳ ಪಾಡು ಕುರಿತ ಹಾಡಿನಲ್ಲಿ ಎ. ಪಿ.ಯ ದನಿಯೇ ಇಲ್ಲ. ಅದು ಚೆನ್ನಾಗಿ ಮಾರಾಟವಾಯಿತು.

ಮೇಬೆಲ್ ಬಗ್ಗೆ ಗಿಟಾರ್ ವಿದ್ಯಾರ್ಥಿಯಾಗಿ ನಿಮಗೆ ತಿಳಿದಿರಬೇಕು. ಹೆಬ್ಬೆರಳಲ್ಲಿ ಮಂದ್ರದ ತಂತಿಗಳ ಮೇಲೆ ರಾಗ ನುಡಿಸುತ್ತ, ನಡುನಡುವೆ ಬೆರಳಿಂದ ಸಣ್ಣ ತಂತಿಗಳನ್ನು ಸವರಿ ತಾಳ ಕಟ್ಟುವ ಕ್ರಮ ಅವರದ್ದು. ಅದುವರೆಗೆ ಹಿಂದೆ ನಿಂತು ತಾಳ ಹಾಕುತ್ತಿದ್ದ ಗಿಟಾರ್ ಮುಂದೆ ಬಂದು ಹಾಡತೊಡಗಿದ್ದರಲ್ಲಿ ಅವರ ಪಾಲು ದೊಡ್ಡದು. ಹೀಗಿದ್ದೂ, ಕಾಲ ಬದಲಾಗಿ ಕಛೇರಿ ಕಡಿಮೆಯಾದ ದಿನಗಳಲ್ಲಿ ನ್ಯಾಶ್‌ವಿಲ್‌ನ ಆಸ್ಪತ್ರೆಯಲ್ಲಿ ರೋಗಿಗಳ ಆರೈಕೆಯ ಕೆಲಸ ಮಾಡಿದರು.

ಈಗ ನನ್ನ ಅಚ್ಚುಮೆಚ್ಚಿನವರು, ಹೇಜಲ್ ಡಿಕನ್ಸ್. ಪಕ್ಷಪಾತ ಇದೆ, ಮೊದಲೇ ಹೇಳಿಬಿಡುತ್ತೇನೆ. 1925ರಲ್ಲಿ ವೆಸ್ಟ್ ವರ್ಜೀನಿಯಾದ ಕಲ್ಲಿದ್ದಲ ಸೀಮೆಯಲ್ಲಿ ಹುಟ್ಟಿದರು, ಹನ್ನೊಂದು ಮಕ್ಕಳ ಮನೆ. ತಂದೆ ಗಣಿಗೆ ಮರ ಸಾಗಿಸುತ್ತಿದ್ದರು, ಭಾನುವಾರ ಧರ್ಮೋಪದೇಶ. ಊರಲ್ಲಿ ಹೊಟ್ಟೆ ತುಂಬದೆ ಬಾಲ್ಟಿಮೋರ್ ಸೇರಿ ಕಾರ್ಖಾನೆಯಲ್ಲಿ ದುಡಿದರು. ಗುಡ್ಡಗಾಡಿನಿಂದ ವಲಸೆ ಬಂದವರನ್ನು ನಗರದವರು ‘ಹಿಲ್‌ಬಿಲಿ’ ಎಂದು ಹೀಯಾಳಿಸುತ್ತಿದ್ದ ಕಾಲ. ಕ್ಷಯರೋಗದ ಆಸ್ಪತ್ರೆಯಲ್ಲಿದ್ದ ಅಣ್ಣನ ಮೂಲಕ, ಅಲ್ಲಿ ಕೆಲಸ ಮಾಡುತ್ತಿದ್ದ ಅದೇ ಮೈಕ್ ಸೀಗರ್ ಪರಿಚಯವಾಯಿತು. ಈ ಹುಡುಗ ಎಲ್ಲಿ ನೋಡಿದರೂ ಸಿಗುತ್ತಾನಲ್ಲ ಎಂದು ನೀವು ಕೇಳಬಹುದು. ನಿಜ. ಈ ಹೆಂಗಸರ ಕಥೆಗಳಲ್ಲಿ ಟೇಪ್ ಯಂತ್ರ ಹಿಡಿದ ಒಬ್ಬ ಗಂಡಸು ಬಂದ ಮೇಲೆಯೇ ಎರಡನೆಯ ಅಧ್ಯಾಯ ತೆರೆಯುತ್ತದೆ. ಯಂತ್ರ ಬಾರದ ಊರುಗಳ ಹೆಂಗಸರನ್ನು ನೆನೆದರೆ ಸಂಕಟವಾಗುತ್ತದೆ.

ಡಿಕನ್ಸ್ ಮತ್ತು ಆಲಿಸ್ ಜೆರಾರ್ಡ್ ಜೋಡಿಯಾಗಿ ಹಾಡಿದ ಮೊದಲ ತಟ್ಟೆ 1965ರಲ್ಲಿ ಬಂತು. ಅವರು ಹಾಡಿದ ಬ್ಲೂಗ್ರಾಸ್ ಎಂಬುದು, ಬ್ಯಾಂಜೊ ಪಿಟೀಲು ಬಿರುಸಾಗಿ ಓಡುವ ಕಂಟ್ರಿಯ ಕವಲು, ಆಗ ಗಂಡಸರ ಅಖಾಡ. ಅಲ್ಲಿ ಹೆಂಗಸರು ಬಾಸ್ ಹಿಡಿದು ಪಕ್ಕದಲ್ಲಿ ನಿಲ್ಲಬಹುದಿತ್ತು, ಮುಂದಾಳಾಗುವುದು ಅಪರೂಪ. ಇವರಿಬ್ಬರೂ ಮುಂದೆ ನಿಂತರು. ಮೊದಲ ಸಲ ಕೇಳುವವರಿಗೆ ಡಿಕನ್ಸ್ ದನಿ ಒರಟು ಅನ್ನಿಸುತ್ತದೆ. ಸೀಳುವ ಏರುದನಿ, ಮೂಗಿನ ಎಳೆತ, ನಯಗೊಳಿಸುವ ಯಾವ ಪ್ರಯತ್ನವೂ ಇಲ್ಲ. ಎರಡು ದಿನ ಬಿಟ್ಟು ಮತ್ತೆ ಕೇಳಿ. ಅಷ್ಟು ಹೊತ್ತಿಗೆ ಬೇರೆ ಗಾಯಕಿಯರೆಲ್ಲ ಸಕ್ಕರೆ ಜಾಸ್ತಿಯಾದ ಕಾಫಿಯ ಹಾಗೆ ಅನ್ನಿಸತೊಡಗಿದರೆ ನನ್ನನ್ನು ದೂರಬೇಡಿ.

ಅವರ ಅಣ್ಣನೊಬ್ಬ ಕಲ್ಲಿದ್ದಲ ದೂಳು ಶ್ವಾಸಕೋಶ ತುಂಬಿ ಸತ್ತ. ಮಣ್ಣು ಮಾಡಲೂ ಕೈಯಲ್ಲಿ ಕಾಸಿಲ್ಲದ ಸ್ಥಿತಿ. ಆಗ ಬರೆದದ್ದು ‘ಬ್ಲ್ಯಾಕ್ ಲಂಗ್’. ವಾದ್ಯವೇ ಇಲ್ಲದೆ, ಬರಿಗೊರಳಲ್ಲಿ ಹಾಡುವ ಹಾಡು. ಕೆಂಟಕಿಯ ಹಾರ್ಲನ್ ಜಿಲ್ಲೆಯಲ್ಲಿ 1973–74ರಲ್ಲಿ ನಡೆದ ಗಣಿ ಮುಷ್ಕರದ ಮೇಲೆ ಬಾರ್ಬರಾ ಕಾಪಲ್ ತೆಗೆದ ‘ಹಾರ್ಲನ್ ಕೌಂಟಿ, ಯುಎಸ್ಎ’ ಎಂಬ ಸಾಕ್ಷ್ಯಚಿತ್ರಕ್ಕೆ ಆಸ್ಕರ್ ಬಂತು. ಅದರಲ್ಲಿ ಕೇಳುವುದು ಡಿಕನ್ಸ್ ದನಿ. ಪ್ರಶಸ್ತಿಯ ಚಿತ್ರ ನೋಡಿದವರಲ್ಲಿ ಎಷ್ಟು ಜನ ಆ ದನಿಯ ಹೆಸರು ಓದಿದರೋ. ಹೆಂಗಸರ ಬಗ್ಗೆಯೂ ನೇರ ಬರೆದರು. ಬಾರಿನಲ್ಲಿ ಕೂತ ಹೆಣ್ಣನ್ನು ಆಡಿಕೊಳ್ಳುವ ಗಂಡಸರಿಗೆ, ಅವಳು ಅಲ್ಲಿಗೆ ಬಂದು ಕೂರುವಂತಾದದ್ದರಲ್ಲಿ ನಿಮ್ಮ ಕೈಯೂ ಇದೆ ಎಂದು ಹೇಳುವ ಹಾಡು ಅವರದ್ದಿದೆ. ಥಾನ್ ಹಾಲ್‌ನ ಮರೆ ಇಲ್ಲ, ಸ್ವಂತ ಹೆಸರಲ್ಲೇ. ಬೆಲೆಯನ್ನೂ ತೆತ್ತರು ಅನ್ನಿ, ದುಡಿಮೆಯ ದೊಡ್ಡ ಭಾಗ ಹಾಡಿನಿಂದ ಬರಲಿಲ್ಲ, ಅಂಗಡಿ, ಕಾರ್ಖಾನೆಗಳಿಂದ ಬಂತು. 2011ರಲ್ಲಿ ವಾಷಿಂಗ್ಟನ್ನಿನಲ್ಲಿ ತೀರಿಕೊಂಡರು.

ಲಿಂಡಾ ಮಾರ್ಟೆಲ್ ವಿಷಯ ಬೇರೆ. ಇಲ್ಲಿ ಹೆಸರು ಉದುರಿದ್ದಲ್ಲ, ಬಾಗಿಲನ್ನೇ ಹಾಕಿದ್ದು. ಸೌತ್ ಕೆರೊಲಿನಾದ ಈ ಕಪ್ಪು ಗಾಯಕಿ 1969ರಲ್ಲಿ ಕಂಟ್ರಿ ಸಂಗೀತದ ಹೆಸರಾಂತ ರೇಡಿಯೊ ಕಾರ್ಯಕ್ರಮವಾದ ನ್ಯಾಶ್‌ವಿಲ್‌ನ ಗ್ರ್ಯಾಂಡ್ ಓಲ್ ಆಪ್ರಿ ವೇದಿಕೆಯಲ್ಲಿ ಹಾಡಿದರು. ಒಬ್ಬಂಟಿಯಾಗಿ ಅಲ್ಲಿ ಹಾಡಿದ ಮೊದಲ ಕಪ್ಪು ಮಹಿಳೆ ಅವರು. ಅದೇ ವರ್ಷ ಅವರ ಹಾಡು ಕಂಟ್ರಿ ಪಟ್ಟಿಯಲ್ಲಿ 22ನೇ ಸ್ಥಾನಕ್ಕೇರಿತು, 1970ರಲ್ಲಿ ಆಲ್ಬಂ. ತಟ್ಟೆ ಕಂಪನಿಯ ಹೆಸರು ‘ಪ್ಲಾಂಟೇಶನ್’! ಗುಲಾಮರು ದುಡಿದ ತೋಟಗಳನ್ನು ನೆನಪಿಸುವ ಹೆಸರಿನ ಕೆಳಗೆ ಕಪ್ಪು ಹೆಂಗಸಿನ ಹಾಡು. ಈ ಹೆಸರು ಯಾಕೆ ಎಂದು ಅವರು ಕಂಪನಿಯವರನ್ನು ಕೇಳಿಯೂ ಕೇಳಿದರು. ಕಂಪನಿಯೊಂದಿಗೆ ಮುರಿದುಬಿದ್ದ ಮೇಲೆ ಆ ವೃತ್ತಿ ಅಲ್ಲಿಗೇ ನಿಂತಿತು. ಎರಡನೆಯ ಆಲ್ಬಂ ಇಲ್ಲ. ಮುಂದೆ ಊರಲ್ಲಿ ಶಾಲಾ ಬಸ್ಸು ಓಡಿಸಿದರು. 2024ರಲ್ಲಿ ಬಿಯಾನ್ಸೆ ತಮ್ಮ ‘ಕೌಬಾಯ್ ಕಾರ್ಟರ್’ ಆಲ್ಬಂನಲ್ಲಿ ಅವರ ಮಾತನ್ನು ಸೇರಿಸಿದಾಗ ಎಂಬತ್ತು ದಾಟಿದ ಮಾರ್ಟೆಲ್ ಯಾರು ಎಂದು ಹೊಸ ಪೀಳಿಗೆ ಹುಡುಕತೊಡಗಿತು.

ಅದೆಲ್ಲ ಹಳೆಯ ಕಾಲ ಎನ್ನುವವರಿಗೆ ಒಂದು ಮಾತು. 2015ರಲ್ಲಿ ಅಮೆರಿಕದ ಒಬ್ಬ ರೇಡಿಯೊ ಸಲಹೆಗಾರ, ಕಂಟ್ರಿ ರೇಡಿಯೊ ಒಂದು ಸಲಾಡ್ ಇದ್ದಂತೆ, ಗಂಡಸರು ಅದರಲ್ಲಿ ಸೊಪ್ಪು, ಹೆಂಗಸರು ನಡುನಡುವೆ ಹಾಕುವ ಟೊಮೆಟೊ ಎಂದು ಹೇಳಿ ಗದ್ದಲವೆಬ್ಬಿಸಿದರು. ಇಬ್ಬರು ಗಾಯಕಿಯರ ಹಾಡನ್ನು ಒಂದರ ಹಿಂದೆ ಒಂದು ಹಾಕಬಾರದು ಎಂಬ ಅಲಿಖಿತ ನಿಯಮ ಅಲ್ಲಿನ ಸ್ಟೇಷನ್ನುಗಳಲ್ಲಿ ಬಹುಕಾಲದಿಂದ ಇದ್ದದ್ದೇ. ಆ ಮನುಷ್ಯ ಬಾಯಿಬಿಟ್ಟು ಹೇಳಿದ, ಅಷ್ಟೆ.

ಕಾನಿ ಕಾನ್ವರ್ಸ್, ಕ್ಯಾರನ್ ಡಾಲ್ಟನ್ ಹೆಸರುಗಳು ಇಂಥ ಪಟ್ಟಿಗಳಲ್ಲಿ ನಿಮಗೆ ಸಿಕ್ಕೇ ಸಿಗುತ್ತವೆ. ಕಾನ್ವರ್ಸ್ 1950ರ ದಶಕದ ನ್ಯೂಯಾರ್ಕಿನಲ್ಲಿ, ಗಿಟಾರ್ ಹಿಡಿದು ಸ್ವಂತ ಹಾಡು ಹೇಳುವುದು ಫ್ಯಾಷನ್ ಆಗುವ ಮೊದಲೇ, ಅದನ್ನು ಮಾಡುತ್ತಿದ್ದರು. ಕೇಳುಗರು ಹೆಚ್ಚಾಗಿ ಗೆಳೆಯರೇ. 1974ರಲ್ಲಿ ಮನೆಯವರಿಗೆ ಪತ್ರ ಬರೆದಿಟ್ಟು ಫೋಕ್ಸ್‌ವ್ಯಾಗನ್ ಕಾರು ಹತ್ತಿ ಹೋದವರು ಮತ್ತೆ ಕಾಣಲಿಲ್ಲ. ಹಾಡುಗಳ ಮೊದಲ ಆಲ್ಬಂ ಹೊರಬಂದದ್ದು 2009ರಲ್ಲಿ. ಜನ ಈಗ ಆ ನಾಪತ್ತೆಯ ಕಥೆಗೇ ಮರುಳಾಗುತ್ತಾರೆ, ನನಗದು ಅಷ್ಟು ಹಿಡಿಸುವುದಿಲ್ಲ. ಕಥೆ ಗೊತ್ತಿಲ್ಲದವರಂತೆ ಹಾಡು ಕೇಳಿ. ಡಾಲ್ಟನ್ ಹಾಡು ಬರೆದವರಲ್ಲ, ಬೇರೆಯವರ ಹಾಡನ್ನು ತಮ್ಮದಾಗಿಸಿಕೊಂಡವರು. ಸ್ಟುಡಿಯೊ ಎಂದರೆ ಆಗದು, ಹಾಗಾಗಿ ಬದುಕಿದ್ದಾಗ ಬಂದದ್ದು ಎರಡೇ ಆಲ್ಬಂ, 1969 ಮತ್ತು 1971ರಲ್ಲಿ. 1971ರದ್ದನ್ನು ರಾತ್ರಿ ಹೊತ್ತು ಕೇಳಬೇಕು.

ಎಲ್ಲಿಂದ ಶುರು ಎಂದು ಕೇಳಿದಿರಿ. ಕಾಟನ್‌ರ 1958ರ ತಟ್ಟೆಯಿಂದ, ಅನುಮಾನವೇ ಬೇಡ. ಅದಾದ ಮೇಲೆ ಡಿಕನ್ಸ್-ಜೆರಾರ್ಡ್ ಜೋಡಿ, ಆಮೇಲೆ ಮೇಬೆಲ್ ನುಡಿಸಿದ ‘ವೈಲ್ಡ್‌ವುಡ್ ಫ್ಲವರ್’. ಅದು ನಿಮ್ಮ ಮುಂದಿನ ಪಾಠವಾಗಲಿ ಎಂದು ಮೇಷ್ಟ್ರಿಗೆ ಹೇಳಿ.

ಕಾರ್ಯಕ್ರಮದ ಬಗ್ಗೆ ಒಂದು ಸಲಹೆ. ‘ಫ್ರೈಟ್ ಟ್ರೇನ್’ ಅಂದರೆ ರೈಲು ಓಡಿದ ಹಾಗೆ ನುಡಿಸಬೇಕು ಅಂದುಕೊಂಡು ಎಲ್ಲರೂ ಲಯ ಏರಿಸುತ್ತಾರೆ. ಕಾಟನ್ ಏರಿಸುವುದಿಲ್ಲ. ಸಿ ಕಾರ್ಡ್‌ನಲ್ಲಿ ಶುರುವಾಗಿ ಜಿ ಮುಟ್ಟಿ ತಿರುಗಿ ಬರುವ ಮೊದಲೆರಡು ಸಾಲು ಸಲೀಸು. ಮೂರನೆಯ ಸಾಲಿಗೆ ಇ-ಸೆವೆನ್ ಬಂದು ಎಫ್‌ಗೆ ಜಾರುತ್ತದಲ್ಲ, ಹೊಸಬರ ಕೈ ತಡವರಿಸುವುದು ಅಲ್ಲಿ. ಹೆಬ್ಬೆರಳು ನಿಲ್ಲದಂತೆ ನೋಡಿಕೊಳ್ಳಿ, ಒಂದೆರಡು ಸ್ವರ ತಪ್ಪಿದರೂ ಪರವಾಗಿಲ್ಲ. ಆ ಎರಡು ಕಾರ್ಡ್‌ಗಳನ್ನು ಮಾತ್ರ ಒಂದು ವಾರ ಬೇರೆಯಾಗಿ, ನಿಧಾನಕ್ಕೆ ಅಭ್ಯಾಸ ಮಾಡಿ, ಆಮೇಲೆ ಹಾಡಿಗೆ ಸೇರಿಸಿ.